ಒಂದ ಉಸಿರಿನಾಗ

ನನ್ನ ಹೆಸರು ಮೌನೇಶ.
ಹೊಟ್ಟಿಪಾಡು, ಮಾತು.
ಹೆಸರಿಟ್ಟ ಅಜ್ಜಿಗೆ ಇದು ಗೊತ್ತಿದ್ದಿಲ್ಲ.

ಸಿಂಧನೂರಿನ ಕೇಬಲ್ ಆಫೀಸಿನ ಮ್ಯಾಲಿನ ಖೋಲಿ,
ಗ್ವಾಡಿಗೆ ತತ್ತಿ ಟ್ರೇ ಬಡದು ಮಾಡಿದ ಸ್ಟುಡಿಯೊ.
ಬತ್ತದ ಬೀಜ, ಸೀರಿ ಅಂಗಡಿ, ಬಾಡಿಗಿ ಜೆಸಿಬಿ,
ಲಿಂಗಸುಗೂರು ರೋಡಿನಾಗ ಕಳದ ಎಮ್ಮಿ,
ಎಲ್ಲಾ ನನ್ನ ಗಂಟಲಾಗಿಂದನ ಹೊರಗ ಹೋಗಬೇಕು.
ಮೈಕಿನ ಮುಂದ ನನ್ನ ಕನ್ನಡ
ಇಸ್ತ್ರಿ ಅಂಗಿ ಹಾಕ್ಕೊಂಡು ಕುಂದ್ರತೈತಿ:
'ಬನ್ನಿ', 'ಇಂದೇ', 'ಭೇಟಿ ನೀಡಿ'.
ಮೆಟ್ಟಲ ಇಳದ್ರ ಅದು ಮತ್ತ ಬನೀನು ಮ್ಯಾಲ.

ಹೋದ ಬ್ಯಾಸಗ್ಯಾಗ ಬಂತು ಆ ಪುಡಿ.
ಡಬ್ಬಿ ಮ್ಯಾಲ ಒಬ್ಬ ಗಡ್ಡದ ಮುನಿ, ಒಂದು ಹಾಗಲಕಾಯಿ.
'ಸಕ್ಕರೆ ಕಾಯಿಲೆ ಬುಡಸಮೇತ ಗುಣ' ಅಂತ ಓದಿದೆ,
ಮೂವತ್ತು ಸೆಕೆಂಡು, ಹಿಂದ ಕೊಳಲು.
ತಿಂಗಳ ಮ್ಯಾಲ ರಾಯಚೂರಿಂದ ಒಂದು ನೋಟೀಸು.
ಕಂಪನಿಯವ ಫೋನಿನಾಗ ನಕ್ಕ:
'ಗುಣ ತಗದು ನೆರವು ಹಾಕ್ರಿ, ಮಾಸ್ತರ.'
ತಗದೆ. ಹಾಕಿದೆ.
ಪುಡಿ ಅದ, ಹಾಗಲಕಾಯಿ ಅದ, ಕೊಳಲೂ ಅದ.
ಕಡಿಗೆ ಒಂದು ಸಾಲು ಕೂಡಿಸಿದ್ರು,
'ವೈದ್ಯರ ಸಲಹೆ ಪಡೆಯಿರಿ',
ಅದನ್ನ ಒಂದ ಉಸಿರಿನಾಗ
ರೈಸ್‌ಮಿಲ್ಲಿನ ಇಲಿ ಹಂಗ ಓಡಿಸಬೇಕು.

ಎಡಿಟಿಂಗ್ ಹುಡುಗ ಖಾಜಾಹುಸೇನ ಫೋನಿನಾಗ
ಅಮೆರಿಕಾದ ಟೀವಿ ತೋರಿಸಿದ.
ಚೀಟಿ ಇಲ್ಲದ ಸಿಗದ ಗುಳಿಗಿಗೂ ಅಲ್ಲಿ ಜಾಹೀರಾತು!
ಮುದುಕ ಮುದುಕಿ ದೋಣ್ಯಾಗ ಹುಟ್ಟು ಹಾಕತಾರ,
ಬಿಸಿಲು ಬೆಣ್ಣಿ ಹಂಗ, ನಾಯಿ ಚೆಂಡು ಹಿಡಿತೈತಿ,
ಅದರ ಅಡಿಯಾಗ ಒಂದು ತಣ್ಣನ್ನ ದನಿ:
ಕಿಡ್ನಿ ಕೆಡಬಹುದು, ಕಣ್ಣು ಮಂಜಾಗಬಹುದು,
ಕೆಲವೊಮ್ಮೆ ಸಾವು.
ನಾಯಿ ಮತ್ತ ಚೆಂಡು ತಂತು.
'ಕಾಯ್ದೆ ಐತಂತಣ್ಣ, ಒಳ್ಳೇದು ಹೇಳಿದ್ರ ಕೆಟ್ಟದ್ದೂ ಹೇಳಬೇಕಂತ.'
ಅಂವ ಕಾಯ್ದೆ ಹೇಳತಿದ್ದ, ನಾನು ಆ ದನಿಯವನ್ನ ನೆನಸತಿದ್ದೆ.
ಎಷ್ಟು ರೊಕ್ಕ ಕೊಡತಾರ ಅವಗ,
ಸಾವು ಅನ್ನೂದನ್ನ ಅಷ್ಟು ಮೆತ್ತಗ ಅನ್ನಾಕ?

ಆ ದೇಶ ಒಂದು, ನ್ಯೂಜಿಲೆಂಡು ಒಂದು.
ಉಳದ ಕಡೆ ಹೆಚ್ಚೂಕಮ್ಮಿ ಬಾಯಿಗೆ ಬೀಗ, ನಮ್ಮಲ್ಲೂ.
ಕೆಂಪು ಗೆರಿ ಗುಳಿಗಿ ಟೀವ್ಯಾಗ ಮಾತಾಡಂಗಿಲ್ಲ.
ಚಲೋ ಕಾಯ್ದೇನ, ನಾ ಬ್ಯಾಡ ಅನ್ನಂಗಿಲ್ಲ.
ಆದ್ರ ಪರೀಕ್ಷೆ ಬರದ ಗುಳಿಗಿ ಮೂಕಾತು,
ಸಾಲಿ ಕಟ್ಟಿ ಹತ್ತದ ಪುಡಿಗೆ
ನಾ ಬಾಯಾದೆ.

ಬಸ್‌ಸ್ಟ್ಯಾಂಡಿನ ಮಗ್ಗಲ ಮಿರ್ಚಿ ಕರಿಯೋ ಹುಲಿಗೆಮ್ಮ
ನನ್ನ ದನಿ ಗುರತ ಹಿಡದಾಕಿ.
'ಎಪ್ಪಾ, ಟೀವ್ಯಾಗ ನೀನ ಅಲ್ಲೇನು?'
ಅವತ್ತಿಂದ ಎರಡು ಮಿರ್ಚಿ ಜಾಸ್ತಿ.
ದೀಪಾವಳಿ ಮುಂದ ಬಂಡಿ ಕಾಣಲಿಲ್ಲ.
ಸರಕಾರಿ ದವಾಖಾನ್ಯಾಗ ಕಂಡ್ಳು,
ಎಡಗಾಲಿಗೆ ಬಿಳಿ ಬಟ್ಟಿ, ಬಟ್ಟಿಯೊಳಗ
ನಾಕ ಬೆರಳು.
ಬೈಲಿಲ್ಲ.
'ನೀ ಹೇಳಿದ್ದಿ ಅಂತ ಗುಳಿಗಿ ಬಿಟ್ಟಿದ್ನೆಪ್ಪ.
ಪುಡಿ ಬಾಳ ಕಹಿ ಇತ್ತು,
ಕಹಿ ಇದ್ದದ್ದು ಹತ್ತತೈತಿ ಅನಕೊಂಡೆ.'

'ವೈದ್ಯರ ಸಲಹೆ' ಅಂತ ನಾ ಅಂದಿದ್ದೆ.
ಅಂದಿದ್ದೆ. ರೆಕಾರ್ಡು ಐತಿ.
ಒಂದೂಕಾಲು ಸೆಕೆಂಡು.

ಆಕಿ ಗುಳಿಗಿ ಡಬ್ಬ್ಯಾಗ ಒಂದು ಕಾಗದ ಇತ್ತು,
ಎಂಟು ಮಡಿಕಿ, ಇರುವಿ ಸಾಲಿನಂಥ ಇಂಗ್ಲಿಷು.
ಮಂಚದ ಅಂಚಿಗೆ ಕುಂತು ಓದಿದೆ,
ಗೊತ್ತಿಲ್ಲದ ಶಬ್ದಕ್ಕ ನರ್ಸಮ್ಮನ್ನ ಕೇಳಿ ಕೇಳಿ,
ಮೈಕಿನ ಕನ್ನಡ ಕಳಚಿ ಇಟ್ಟು:
ಉಂಡ ತಗೋಬೇಕು.
ತಲಿ ತಿರುಗಿದ್ರ ಕುಂದ್ರಬೇಕು.
ಉಪಾಸ ಇದ್ದಾಗ ಕೈ ನಡುಗಿ ಬೆವರು ಬಂದ್ರ
ಲಗೂನ ಸಕ್ರಿ ಬಾಯಾಗ ಹಾಕ್ಕೋಬೇಕು.
ಇಪ್ಪತ್ತು ನಿಮಿಷ ಹಿಡೀತು.
ಮಗ್ಗಲ ಮಂಚದ ಬಂಗಾಲಿ ಕ್ಯಾಂಪಿನಾಕಿನೂ
ತಿಳದಷ್ಟು ಕೇಳಿದ್ಳು.
ನನ್ನ ಕಿಸೇದಾಗ ನಾಳೆ ಓದೋ ಚೀಟಿ,
ಮೊಣಕಾಲಿನ ಎಣ್ಣಿದು.

ಹುಲಿಗೆಮ್ಮ ಕಣ್ಣು ಮುಚ್ಚಿದ್ಳು, ಮಲಗ್ಯಾಳ ಅನಕೊಂಡೆ.
'ಇದಕ್ಕ ಹಿಂದ ಕೊಳಲು ಇಲ್ಲೇನು?' ಅಂದ್ಳು.
ಇಲ್ಲಬೇ, ಅಂದೆ.
'ಇರಲಿ ಬಿಡು. ಆ ಸಕ್ರಿ ಬಾಯಾಗ ಹಾಕ್ಕೋ ಅನ್ನೂದು,
ಅದೊಂದು ಮತ್ತ ಓದು.'