ತೇವಕ್ಕೆ ಕಳೆದದ್ದು

ಮೊದಲ ಊರು ತ್ಬಿಲಿಸಿ.
ತಕಾರಕ್ಕೂ ಬಿಕಾರಕ್ಕೂ ನಡುವೆ
ಒಂದು ಮೆಟ್ಟಿಲು ಕಿತ್ತುಹೋದ ಹಾಗೆ
ಪ್ರತಿ ಸಲ ಮುಗ್ಗರಿಸುತ್ತೇನೆ.

ಅಲ್ಲಿ ಗಂಟೆ ನಮಗಿಂತ ಒಂದೂವರೆ ಹಿಂದೆ.
ವಿರಾಜಪೇಟೆಯ ಗಡಿಯಾರ ಕಂಬ ಹತ್ತು ಬಡಿದಾಗ
ನನ್ನ ಮಣಿಕಟ್ಟಿನಲ್ಲಿ ಎಂಟೂವರೆ.
ಒಂದೂವರೆ ಗಂಟೆ ಚಿಕ್ಕವಳಾದೆ;
ನಲವತ್ತೇಳರ ಮೇಲೆ ಅದೂ ಲಾಭವೇ.

ಏಳು ಅಂಗಡಿಗಳ ಲೆಕ್ಕ ನನ್ನದು.
ಲಿಗೋರಿಯ ಬೇಕರಿ, ಪೂಣಚ್ಚನ ಪೈಪು-ನಲ್ಲಿ,
ಎರಡು ಜೇನು, ಒಂದು ಟಯರು, ಒಂದು ಔಷಧಿ,
ಮೊಯ್ದು ಕಾಕನ ಕರಿಮೆಣಸು.
ಹದಿನೆಂಟು ವರ್ಷ
ಬಿಸ್ಕತ್ತಿನ ಡಬ್ಬಿಗಳಿಂದ ಬಿಲ್ಲು ಹೆಕ್ಕಿದ್ದೇನೆ.
ಇನ್ನು ಫೋಟೊ ತೆಗೆದು ಕಳಿಸಿ, ಎಂದೆ,
ಬೆಳಕಿನಲ್ಲಿ, ಬೆರಳು ಅಡ್ಡ ಬಾರದಂತೆ.
ಲಿಗೋರಿ ಕಳಿಸಿದ ಮೊದಲ ಹನ್ನೆರಡರಲ್ಲಿ
ಹನ್ನೊಂದು ಅವನ ಹೆಬ್ಬೆರಳು.

ಹೊರಡುವ ಮುಂಚೆ ಒಂದು ತಿಂಗಳು
ಹೋದವಳ ಹಾಗೆ ಇದ್ದು ನೋಡಬೇಕೆನಿಸಿತು.
ಹೋದೆ, ಎಂದು ಎಲ್ಲರಿಗೂ ಸಂದೇಶ ಬಿಟ್ಟೆ.
ವಸಂತಿ ಟೈಲರ್ ಅಂಗಡಿಯ ಮೇಲಿನ ಕೋಣೆ ಹಿಡಿದೆ.
ಕರೆಂಟು ಹೋದರೆ ಬ್ಯಾಟರಿ, ಅದೂ ಹೋದರೆ ಫೋನು,
ಎರಡು ಸಿಮ್ಮು, ಮೂರು ದೇಶದ ಕಾಲುಗಳಿರುವ ಒಂದು ಪ್ಲಗ್ಗು.
ಕತ್ತಲಾದ ಮೇಲೆ ತಲೆಗೆ ಶಾಲು ಹೊದ್ದು ಇಳಿದು
ಬೇರೆ ಬೇಕರಿಯ ಬ್ರೆಡ್ಡು ತಂದು ತಿಂದೆ.
ವಿದೇಶ ಅಂದರೆ ಹೀಗೇ ಇರಬೇಕು, ಅಂದುಕೊಂಡೆ,
ಉಪ್ಪು ಸ್ವಲ್ಪ ಜಾಸ್ತಿ.

ಇಪ್ಪತ್ತನೇ ತಾರೀಕು, ರಿಟರ್ನು ಕಟ್ಟುವ ದಿನ,
ಮೊಯ್ದು ಕಾಕನ ವಿಡಿಯೊ ಕರೆ.
ಒಂದು ಬಿಲ್ಲು ಹರಿದಿದೆ, ಅಂಕಿ ಕಾಣುವುದಿಲ್ಲ.
ಪರದೆಯ ಸಂದಿಯಲ್ಲಿ ರಸ್ತೆಯಾಚೆ ನೋಡಿದೆ:
ಮೂಟೆಗಳ ನಡುವೆ ಕಾಕ ಕೈ ಎತ್ತಿದ.
ಎರಡು ಸೆಕೆಂಡು ಬಿಟ್ಟು
ನನ್ನ ಫೋನಿನಲ್ಲಿ ಆ ಕೈ ಮೇಲೆದ್ದಿತು.
ಎಲ್ಲಿಗೆ ಹೋಗಿ ಬಂತೋ,
ಯಾವ ಸಮುದ್ರದಡಿಯ ತಂತಿಯಲ್ಲಿ ತೆವಳಿ,
ಇಪ್ಪತ್ತು ಅಡಿ ರಸ್ತೆ ದಾಟಲು.

"ಎಂತ ಮೋಳೇ, ಅಲ್ಲಿ ಬಿಸಿಲುಂಟಾ?"
"ಉಂಟು ಕಾಕ."
"ಇಲ್ಲಿಯೂ ಉಂಟು," ಎಂದು
ಆತ ಕಣ್ಣಿಗೆ ಅಂಗೈ ಮರೆ ಮಾಡಿ
ನೇರ ನನ್ನ ಕಿಟಕಿಯ ಕಡೆ ನೋಡಿದ.

ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಒಂದು ಪೊಟ್ಟಣ.
ಲಿಗೋರಿಯ ಬನ್ನು, ಇನ್ನೂ ಬಿಸಿ.
ಮೇಲೆ ಪೆನ್ಸಿಲಿನಲ್ಲಿ ವಿಳಾಸ:
ದೇಚಕ್ಕ, ಜಾರ್ಜಿಯಾ.
ಯಾವತ್ತಿನಿಂದ ಗೊತ್ತಿತ್ತೆಂದು ನಾನು ಕೇಳಲಿಲ್ಲ.
ಬನ್ನು ತಿಂದೆ.

ಇವತ್ತು ಹಗಲಲ್ಲೇ ಇಳಿದು ರಸ್ತೆ ದಾಟಿದೆ.
ವಿಮಾನದಲ್ಲಿ ಕೈಚೀಲಕ್ಕೆ ಏಳೇ ಕಿಲೊ;
ಮೆಣಸಿನ ತಕ್ಕಡಿಯ ಮೇಲೆ ಬ್ಯಾಗು ಇಟ್ಟೆ.
ಏಳು ಆರುನೂರು, ಎಂದು ಓದಿ
ಕಾಕ ರೂಢಿಯಂತೆ ಚೀಟಿ ಬರೆದ:
ತೇವಕ್ಕೆ ಆರುನೂರು ವಜಾ. ನಿವ್ವಳ ಏಳು.
"ವಿಮಾನದವರು ತೇವ ಕಳೆಯುವುದಿಲ್ಲ, ಕಾಕ."
"ಹಾಗಾದರೆ ಒಣಗಿಸು. ಹನ್ನೊಂದು ದಿನ ಉಂಟಲ್ಲ."

ಅಂಗಳದಲ್ಲಿ ಮೆಣಸು ಹರವಿದ ಚಾಪೆ.
ಅದರ ಖಾಲಿ ಮೂಲೆಯಲ್ಲಿ ಕೂತು ಬ್ಯಾಗು ಬಿಚ್ಚಿದೆ.
ಎರಡನೆಯ ಸ್ವೆಟರು ಹೊರಗೆ.
ಕೆಮ್ಮಿನ ಔಷಧದ ಸೀಸೆಯಲ್ಲಿ ತುಂಬಿದ ಕಾಚಂಪುಳಿ,
ಸರಿಯಾಗಿ ನೂರು ಮಿಲಿ, ಮುಚ್ಚಳ ತೆಗೆದು ಮೂಸಿ
ಮತ್ತೆ ಒಳಗೆ.
ಚಾರ್ಜರುಗಳ ಕೆಳಗೆ, ಕಾಲುಚೀಲದೊಳಗೆ
ಒಂದು ಬೀಗದಕೈ ಗೊಂಚಲು:
ಏಳು ಅಂಗಡಿಗಳ ಏಳು ಕಪಾಟಿನದು.
ನಾನೇ ಇಟ್ಟದ್ದು, ಯಾವಾಗ, ಯಾಕೆ?

ಕಾಕ ಕೈ ಚಾಚಿ ಇಸಿದುಕೊಂಡು
ಅದೊಂದನ್ನೇ ತಕ್ಕಡಿಗೆ ಹಾಕಿದ.
ಮುನ್ನೂರ ಹತ್ತು, ಎಂದ.
ತೇವಕ್ಕೆ ಏನೂ ಕಳೆಯಲಿಲ್ಲ.