ಬೆಂಡು

ಮೋಟಾರು ಬಂದದ್ದು ಲಗೇಜು ಆಟೋದಲ್ಲಿ,
ಗೋಣಿಚೀಲ ಹೊದ್ದುಕೊಂಡು, ಜ್ವರ ಬಂದವರ ಹಾಗೆ.
ಹಿರಿಯೂರಿನ ಹುಳಿಯಾರು ರಸ್ತೆಯ ನನ್ನ ಅಂಗಡಿಯಲ್ಲಿ
ಲೂನಾ, ಸುವೇಗ, ಸೀಮೆಎಣ್ಣೆ ಪಂಪು ಬಿಟ್ಟರೆ
ನೀರಿಗಿಳಿಯುವ ಯಂತ್ರ ಯಾವತ್ತೂ ಕೂತಿರಲಿಲ್ಲ.

"ಕಲಂದರ್ ಸಾಬ್ರೆ, ನಮ್ಮ ತಾತನ ಕಾಲದ್ದು," ಅಂದ ಗ್ಯಾತಪ್ಪ.
"ಕಣಿವೇಲಿ ನೀರು ಇಳಿದಾಗ ಮಲಗಿದ್ದು, ಇನ್ನೂ ಎದ್ದಿಲ್ಲ.
ಈಗ ನೋಡಿ, ಗುಡ್ಡದ ಸೊಂಟದ ತಂಕ ನೀರೈತೆ.
ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದೋಗೈತೆ."

ಡ್ರಮ್ಮಿಗೆ ನೀರು ತುಂಬಿ, ಅದರ ಕಾಲು ಅದ್ದಿ, ಹಗ್ಗ ಎಳೆದೆ.
ಕೆಮ್ಮಿತು.
ಚೋಕು ಎಳೆದರೆ ಒಂದು ನಿಮಿಷ ಬದುಕು,
ಬಿಟ್ಟರೆ ಸಾವು.
ಪ್ಲಗ್ಗು ಬಿಚ್ಚಿ ಮೈಗೆ ಮುಟ್ಟಿಸಿ ನೋಡಿದೆ: ನೀಲಿ ಕಿಡಿ, ದಪ್ಪಗೆ.
ಅಂದರೆ ತಕರಾರು ಬೆಂಕಿಯದಲ್ಲ, ಅನ್ನದ್ದು.

ಕಾರ್ಬುರೇಟರಿನ ಬಟ್ಟಲು ಕಳಚಿದೆ.
ಇಪ್ಪತ್ತು ವರ್ಷದ ಪೆಟ್ರೋಲು ತಳದಲ್ಲಿ ಪಾಕ ಕಟ್ಟಿ
ಅಂಟಿಕೊಂಡಿತ್ತು.
ಜೆಟ್ಟಿನ ತೂತು ಬೆಳಕಿಗೆ ಹಿಡಿದೆ: ಕತ್ತಲೆ.
ಹಿತ್ತಾಳೆಗೆ ಉಕ್ಕು ತೋರಿಸಬೇಡ, ಅಂತಿದ್ದರು ಉಸ್ತಾದರು.
ಹಲ್ಲುಜ್ಜುವ ಬ್ರಷ್ಷಿನ ಒಂದೇ ಎಳೆ ಕಿತ್ತು
ತೂರಿಸಿ, ತಿರುಗಿಸಿ, ಊದಿ,
ಮತ್ತೆ ಹಿಡಿದರೆ
ಸಾಸಿವೆಗಿಂತ ಸಣ್ಣದೊಂದು ಹಗಲು.

ಜೋಡಿಸಿದ ಮೇಲೆ ಬೇರೆ ರೋಗ.
ಹಸಿವು ಹೋಗಿ ವಾಂತಿ.
ಬಾಯಿಂದ ಪೆಟ್ರೋಲು ತೊಟ್ಟಿಕ್ಕಿ
ಡ್ರಮ್ಮಿನ ನೀರೆಲ್ಲ ಬಣ್ಣ ಬಣ್ಣ.

ಆಗ ಕಣ್ಣಿಗೆ ಬಿತ್ತು ಬೆಂಡು.
ಬಟ್ಟಲಲ್ಲಿ ತೇಲಿ, ಸೂಜಿಯನ್ನೆತ್ತಿ
ಸಾಕು ಅನ್ನಬೇಕಾದ ಬೆಂಡು
ಮೆರುಗು ಸುಲಿದು, ಕುಡಿದೂ ಕುಡಿದೂ
ತಳ ಕಚ್ಚಿತ್ತು.
ದುಡಿದು ಬೆಂಡಾದೆ ಅನ್ನುತ್ತೇವೆ ನಾವು.
ಬೆಂಡೇ ಬೆಂಡಾದರೆ ಏನನ್ನಬೇಕೋ,
ನನ್ನ ಹತ್ತಿರ ಮಾತಿಲ್ಲ.

ದಾವಣಗೆರೆಯಲ್ಲಿ ಸಿಗಲಿಲ್ಲ, ದುರ್ಗದಲ್ಲಿ ನಕ್ಕರು.
ಗ್ಯಾತಪ್ಪ ಥರ್ಮಾಕೋಲು ಕೊಯ್ದು ತಂದ.
ಪೆಟ್ರೋಲಿನ ಲೋಟಕ್ಕೆ ಬಿಟ್ಟೆ.
ನೋಡನೋಡುತ್ತ, ನಾಲಿಗೆಯ ಮೇಲಿನ ಬತ್ತಾಸು.
ಇಬ್ಬರೂ ತುಸುಹೊತ್ತು ಲೋಟವನ್ನೇ ನೋಡಿದೆವು.
ಟೀ ತರಿಸಿದೆ.

ಮೂರನೇ ದಿನ ಅವನ ಚಿಕ್ಕಮ್ಮ ಬೋರಕ್ಕ ಬಸ್ಸಿಳಿದು ಬಂದಳು,
ಮಡಿಲಲ್ಲಿ ಒಂದು ತುಂಡು ಹಳೇ ಬಲೆ.
ನೂಲಿನ ಬಲೆ, ಅಂಚಿಗೆ ಗಿಡದ ಬೆಂಡು,
ಅವಳಪ್ಪ ಕೆತ್ತಿ ಕಟ್ಟಿದ್ದು.
ಎಲೆಅಡಿಕೆಯನ್ನು ದವಡೆಗೆ ಸರಿಸಿ,
"ಇವು ಯಾವತ್ತೂ ಮುಳುಗಿಲ್ಲ," ಅಂದಳು.
"ಒಂದು ಸಾಕಾ?"

ಬ್ಲೇಡಿನಲ್ಲಿ ಕೆತ್ತಿದೆ, ಹಳೆಯದರ ಅಳತೆಗೆ.
ಬಡಗಿ ಮೌನೇಶಾಚಾರಿ ಕೊಟ್ಟ ಅರಗಿನ ಪಾಲಿಶು
ನಾಲ್ಕು ಪದರ, ಪದರಕ್ಕೊಂದು ಮಧ್ಯಾಹ್ನ.
ರಾತ್ರಿಯಿಡೀ ಲೋಟದಲ್ಲಿ ತೇಲಿತು.
ಎರಡು ಸಲ ಎದ್ದು ನೋಡಿದೆ, ಟಾರ್ಚು ಹಾಕಿ.
"ಮಗು ಹುಟ್ಟಿದಾಗಲೂ ಹೀಗೆ ಏಳಲಿಲ್ಲ ನೀವು," ಅಂದಳು ಶಾಹಿದಾ.

ಭಾನುವಾರ ಕಣಿವೆಗೆ ಕರೆದೊಯ್ದ.
ಒಂದೇ ಎಳೆತ.
ಸ್ಕ್ರೂ ಕಾಲು ಸುತ್ತು ಒಳಗೆ, ಕೂದಲೆಳೆಯಷ್ಟು ಹೊರಗೆ,
ಕಿವಿ ಹೂಂ ಅನ್ನುವವರೆಗೆ.
ಅಣೆಕಟ್ಟು ಹಿಂದಕ್ಕೆ ಸರಿಯಿತು. ಗುಡ್ಡಗಳು ಎರಡೂ ಕಡೆ.
ನಡು ನೀರಿನಲ್ಲಿ ಗಕ್ಕನೆ ನಿಂತಿತು.

ನನಗೆ ಈಜು ಬರದು.
ಜೆಟ್ಟು, ಸೂಜಿ, ಬೆಂಡು,
ಎಲ್ಲವನ್ನೂ ತಲೆಯೊಳಗೇ ಮತ್ತೆ ಬಿಚ್ಚಿ ಹರವಿದೆ.
ಗ್ಯಾತಪ್ಪ ಬಗ್ಗಿ ಟ್ಯಾಂಕಿನ ಮುಚ್ಚಳದ ಮೇಲಿನ
ಪುಟ್ಟ ತಿರುಪು ಸಡಿಲಿಸಿದ.
ಚೆಲ್ಲದಿರಲೆಂದು ಅಂಗಡಿಯಲ್ಲಿ ನಾನೇ ಬಿಗಿದದ್ದು.
ಸ್ಸ್ ಎಂದು ಟ್ಯಾಂಕು ಒಳಗೆಳೆದುಕೊಂಡ ಉಸಿರು
ಅಷ್ಟು ನೀರಿನ ನಡುವೆ ಕೇಳಿಸಿತು.

ಹಗ್ಗ ನನ್ನ ಕೈಗೇ ಕೊಟ್ಟ.
ತಕ್ಷಣ ಎಳೆಯಲಿಲ್ಲ.
ದೋಣಿ ತುಸುವೇ ಏರುತ್ತಿತ್ತು, ತುಸುವೇ ಇಳಿಯುತ್ತಿತ್ತು.
ಬಟ್ಟಲ ಒಳಗೂ ಹೀಗೇ ಏನೋ.

"ಎಳೀರಿ ಸಾಬ್ರೆ," ಅಂದ, "ಬಲೆ ಕಾಯ್ತೈತೆ."