ಏಣಿಯ ಬುಡ

ಸಿದ್ದಾಪುರದಾಚೆ, ತೋಟದ ಲೈನ್‌ಮನೆಗಳ ಹಿಂದೆ
ಒಂದು ಪುಟ್ಟ ಇಗರ್ಜಿ. ಅಲ್ಲಿ ನನಗೆ
ಗೋಡೆಯ ಹದಿನಾಲ್ಕು ಚಿತ್ರಗಳ ಕೆಲಸ ಸಿಕ್ಕಿತು.
"ಹೊಸದು ಬೇಡ, ಇದ್ದದ್ದನ್ನೇ ಎಬ್ಬಿಸು" ಅಂದರು ಫಾದರ್.
ನಾನು ಲಾರಿಗಳ ನೆತ್ತಿಗೆ ಹೆಸರು ಬರೆಯುವವನು.
ಟ್ರಾನ್ಸ್‌ಫಾರ್ಮರಿಗೆ 'ಅಪಾಯ' ಬರೆದು ಮಿಕ್ಕ ಕೆಂಪು
ಡಬ್ಬಿಯಲ್ಲಿತ್ತು. ರಕ್ತಕ್ಕೆ ಅದೇ ಸಾಕು ಅನ್ನಿಸಿತು.

ಗಾರೆಯನ್ನೆಲ್ಲ ಬೂಷ್ಟು ತಿಂದಿತ್ತು.
ಪಿಲಾತನಿಗೆ ಕೈ ಇರಲಿಲ್ಲ,
ತೊಳೆಯುತ್ತಿದ್ದ ನೀರು ಮಾತ್ರ ಉಳಿದಿತ್ತು.
ಚಾಟಿ ಹಿಡಿದವನ ಮುಖ ಹಕ್ಕಳೆಯೆದ್ದು
ಯಾರ ಮುಖವಾದರೂ ಆಗಬಹುದಿತ್ತು.
ನಾನು ಮೇಸ್ತ್ರಿಯ ಮೀಸೆ ಇಡಲಿಲ್ಲ;
ಇಡಬೇಕೆನಿಸಿದ್ದು ನಿಜ.

ಐದನೆಯದರ ಎದುರು ಮೆಣಸು ಆರಿಸುವ ಹೆಂಗಸರು ನಿಂತು,
ಹೊಲದಿಂದ ಮನೆಗೆ ಹೊರಟವನ ಹೆಗಲಿಗೆ
ಶಿಲುಬೆ ಏರಿಸಿದ್ದನ್ನು ನೋಡಿ
"ಇವನಿಗೆ ಅರ್ಧ ದಿನದ ಕೂಲಿಯಾದರೂ ಕೊಟ್ಟರಾ?"
ಎಂದು ನಕ್ಕರು.
ಬಿಟ್ಟಿ ಚಾಕರಿ, ಅಂದೆ.
ನಗು ಅಲ್ಲಿಗೇ ನಿಂತಿತು.

ಆ ವಾರ ಹೂಮಳೆ ಬಿತ್ತು. ಕಾಫಿ ಗಿಡವೆಲ್ಲ ಬಿಳಿ,
ಟರ್ಪೆಂಟೈನಿನ ವಾಸನೆಯನ್ನೂ ನುಂಗುವ ಘಮ.
ಕಿಟಕಿ ಮುಚ್ಚಿಕೊಂಡೆ.
ಅಷ್ಟು ಚಂದದ ಗಾಳಿಯಲ್ಲಿ ಮೊಳೆಗೆ ಬಣ್ಣ ಹಚ್ಚಲು
ಕೈ ಬರಲಿಲ್ಲ.

ಹದಿಮೂರನೆಯದು: ಇಳಿಸುವುದು.
ಒರಗಿಸಿದ ಏಣಿ, ಬಟ್ಟೆಯಲ್ಲಿ ಇಳಿಬಿಟ್ಟ ಮೈ,
ಕೆಳಗೆ ಕಾದಿರುವ ಮಡಿಲು.
ಏಣಿಯೊಂದೇ ಪೂರ್ತಿ ಅಳಿಸಿಹೋಗಿತ್ತು.
ನನಗೆ ಗೊತ್ತಿದ್ದದ್ದನ್ನು ಬರೆದೆ, ಮೆಣಸಿನ ಏಣಿ:
ಒಂಟಿ ಬಿದಿರು, ಗೆಣ್ಣು ಬಿಡದೆ,
ಹೆಬ್ಬೆರಳಷ್ಟೇ ಊರುವ ಮೆಟ್ಟಿಲು.

ಮೇಣದ ಕಲೆ ಕೆರೆಯಲು ಬಂದ ಸವರಿಯಮ್ಮ
ಸ್ವಾಮಿಯನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ.
ಏಣಿಯ ಬುಡವನ್ನೇ ನೋಡುತ್ತ ನಿಂತಳು, ಬಹಳ ಹೊತ್ತು.
"ಕೆಳಗೆ ಯಾರೂ ಹಿಡಕೊಂಡಿಲ್ಲವಲ್ಲ" ಅಂದಳು.

ಆಮೇಲೆ ಹೇಳಿದವರು ಬೇರೆಯವರು:
ಹೋದ ಫೆಬ್ರವರಿ, ಸಿಲ್ವರ್ ಓಕ್ ಮರ, ಮಗ ಲೂರ್ದುರಾಜ.
ಹಿಡಿದು ನಿಂತಿದ್ದವನನ್ನು ರೈಟರು
ಚೀಲ ಎತ್ತಲು ಕರೆದಿದ್ದರಂತೆ,
ಐದು ನಿಮಿಷಕ್ಕೆ.

ಮಾರನೆಯ ದಿನ ಬಿದಿರಿನ ಬುಡಕ್ಕೆ ಎರಡು ಕೈ ಬರೆದೆ.
ಮೈಗೆ ಜಾಗವಿರಲಿಲ್ಲ, ಅದು ಚೌಕಟ್ಟಿನ ಆಚೆ ಇರಲಿ.
ಉಗುರು ಒಡೆದದ್ದು, ಬೆರಳ ಸಂದಿಗೆ ಮೆಣಸಿನ ಕಪ್ಪು.

ಶುಕ್ರವಾರ, ಶಿಲುಬೆ ಹಾದಿಯಲ್ಲಿ, ಫಾದರ್ ಅಲ್ಲಿ
ಮಂಡಿಯೂರಿದವರು ಏಳುವುದು ತಡವಾಯಿತು.
ಆಮೇಲೆ ಕೇಳಿದರು, ಈ ಕೈ ಯಾರದು?
ಬಣ್ಣ ಮಿಕ್ಕಿತ್ತು ಫಾದರ್, ಅಂದೆ.

ಜನ ಹದಿನಾಲ್ಕನೆಯದಕ್ಕೆ ಸರಿದರು.
ಸವರಿಯಮ್ಮ ಹಿಂದೆ ಉಳಿದು
ಆ ಕೈಗಳ ಮೇಲೆ ಹೆಬ್ಬೆರಳಿಟ್ಟು ನೋಡಿದಳು.
ಇನ್ನೂ ಆರಿರಲಿಲ್ಲ.